ನಾಮಸ್ಮರಣೆ ಮತ್ತು ಮನಃಪರಿವರ್ತನೆ: ಹರಿದಾಸ ಸಾಹಿತ್ಯದ ಹಿನ್ನೆಲೆಯಲ್ಲಿ ಕೆಲವು ವಿಚಾರಗಳು

ಹರಿದಾಸರ ಕೀರ್ತನೆಗಳನ್ನು ಕುರಿತ ವಿವೇಚನೆಯಲ್ಲಿ ಎರಡು ಧೋರಣೆಗಳು ಮೊದಲಿನಿಂದಲೂ ಅಕ್ಕಪಕ್ಕದಲ್ಲಿ ಸಾಗಿ ಬಂದಿವೆ. ಶ್ರದ್ಧಾವಂತರ ಮಾತಿನಲ್ಲಿ ನಾಮವೊಂದೇ ಸಕಲ ಸಾಧನ. ಅದನ್ನು ನಾಲಗೆಯ ಮೇಲಿರಿಸಿಕೊಂಡವನು ಉದ್ಧಾರವಾದನೆಂದರೆ ಅಲ್ಲಿಗೆ ಚರ್ಚೆ ಮುಗಿಯಿತು. ಸಾಹಿತ್ಯ ವಿಮರ್ಶಕರಲ್ಲಿ ಹಲವರಿಗೆ ನಾಮಮಹಿಮೆಯ ಪದಗಳೆಂದರೆ ಪುನರುಕ್ತಿಯ ರಾಶಿ. ಲೋಕವಿಡಂಬನೆಯ ಪದಗಳು, ಕೃಷ್ಣನ ಬಾಲಲೀಲೆಯ ಪದಗಳು ಮಾತ್ರವೇ ಆಯ್ದುಕೊಳ್ಳತಕ್ಕವು. ಈ ಎರಡು ಧೋರಣೆಗಳೂ ಒಂದು ಪ್ರಶ್ನೆಯನ್ನು ಬದಿಗಿರಿಸುತ್ತವೆ. ದಿನವೂ ನಾಮವನ್ನು ಹಾಡುವ ಮನುಷ್ಯನಲ್ಲಿ ಆಗುತ್ತದೆಂದು ಹೇಳುವ ಮಾರ್ಪಾಡು ಯಾವ ಬಗೆಯದು? ಅದು ಯಾವಾಗ, ಯಾವುದರಿಂದ ಆಗುತ್ತದೆ? ಹೊರನಾಡಿನ ಕನ್ನಡಿಗರಾದ ನಮಗೆ ಈ ಪ್ರಶ್ನೆಗೆ ಮತ್ತೊಂದು ಮುಖವೂ ಇದೆ. ಅದನ್ನು ಮುಂದೆ ನೋಡಬಹುದು.

ಮೊದಲು ಜಪಕ್ಕೂ ಕೀರ್ತನೆಗೂ ಇರುವ ಅಂತರವನ್ನು ಗಮನಿಸಬೇಕು. ಯಜ್ಞಗಳಲ್ಲಿ ತಾನು ಜಪಯಜ್ಞವೆಂದು ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಕೃಷ್ಣನು ಹೇಳಿಕೊಳ್ಳುತ್ತಾನೆ. ವಿಧಿಯಜ್ಞಕ್ಕಿಂತ ಜಪ ಹತ್ತು ಮಡಿ, ತುಟಿಯೊಳಗಿನ ಉಪಾಂಶು ನೂರು ಮಡಿ, ಮನಸ್ಸಿನೊಳಗಿನ ಜಪ ಸಾವಿರ ಮಡಿ ಮೇಲೆಂದು ಮನುಸ್ಮೃತಿ ಮೆಟ್ಟಿಲು ಕಟ್ಟುತ್ತದೆ. ಅಂದರೆ ಆ ಪರಂಪರೆಯಲ್ಲಿ ಧ್ವನಿ ಇಳಿದಷ್ಟೂ ಫಲ ಏರುತ್ತದೆ. ಹರಿದಾಸರು ನಡೆದದ್ದು ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ. ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ ಮತ್ತು ಚಿಟಿಕೆ, ಮನೆಯಿಂದ ಮನೆಗೆ ಮಧುಕರ ವೃತ್ತಿ. ಒಳಗಿನ ಮಂತ್ರವನ್ನು ಬೀದಿಯ ಕೊರಳಿಗೆ ತಂದ ಈ ಹೆಜ್ಜೆ ಸಣ್ಣದಲ್ಲ. ಜಪಕ್ಕೆ ಅಧಿಕಾರ ಬೇಕು, ಉಪದೇಶ ಬೇಕು, ಮಡಿ ಬೇಕು. ಹಾಡಿಗೆ ಕಿವಿಯೊಂದಿದ್ದರೆ ಸಾಕು. ಮಧ್ವಮತದಲ್ಲಿ ಸಕಲ ಶಬ್ದಗಳೂ ಮುಖ್ಯಾರ್ಥದಲ್ಲಿ ವಿಷ್ಣುವನ್ನೇ ಹೇಳುತ್ತವೆಂಬ ಸಿದ್ಧಾಂತವಿದೆ. ಕಡಲಿನ ಮೊರೆ, ಭೇರಿಯ ಸದ್ದುಗಳೂ ಅದಕ್ಕೆ ಹೊರತಲ್ಲ. ಎಲ್ಲ ಶಬ್ದವೂ ಅವನ ಹೆಸರಾದ ಮೇಲೆ ಅಡುಗೆಮನೆಯ ಕನ್ನಡ, ಸಂತೆಯ ಕನ್ನಡ ಮಾತ್ರ ಹೇಗೆ ಹೊರಗುಳಿದೀತು? ದಾಸಕೂಟದವರು ಈ ತರ್ಕವನ್ನು ವಾದದಿಂದ ಸಾಧಿಸಲಿಲ್ಲ, ಹಾಡಿ ತೋರಿಸಿದರು.

ಇನ್ನು ಪರಿವರ್ತನೆಯ ಕಥೆಗಳಿಗೆ ಬರೋಣ. ಪುರಂದರದಾಸರ (1484–1564) ಪೂರ್ವಾಶ್ರಮದ ಕಥೆ ಕನ್ನಡಿಗರೆಲ್ಲರಿಗೂ ಬಾಯಿಪಾಠ. ಜಿಪುಣ ವರ್ತಕ ಶ್ರೀನಿವಾಸ ನಾಯಕ, ಮಗನ ಮುಂಜಿಗೆಂದು ಬೇಡಿಬಂದ ಮುದುಕ ಬ್ರಾಹ್ಮಣ, ಸರಸ್ವತಿ ಬಾಯಿ ಕೊಟ್ಟ ಮೂಗುತಿ, ಅದು ಗಂಡನ ಅಂಗಡಿಗೇ ಬಂದದ್ದು, ವಿಷದ ಬಟ್ಟಲಿನಲ್ಲಿ ಮತ್ತೆ ದೊರಕಿದ್ದು. ಇದು ಐತಿಹ್ಯ; ಇತಿಹಾಸವೆಂದು ಸಾಧಿಸಹೊರಡುವುದು ಬೇಡ. ಆದರೆ ಐತಿಹ್ಯವೂ ಒಂದು ಪಠ್ಯವೇ. ಅದನ್ನು ಎಚ್ಚರದಿಂದ ಓದಿದರೆ ಒಂದು ವಿಶೇಷ ಕಾಣುತ್ತದೆ: ನಾಯಕನ ಮನಸ್ಸು ತಿರುಗುವ ಗಳಿಗೆಯಲ್ಲಿ ನಾಮಸ್ಮರಣೆಯ ಸುಳಿವೇ ಇಲ್ಲ. ಅವನನ್ನು ತಿರುಗಿಸಿದ್ದು ಹೆಂಡತಿಯ ದಾನ. ವ್ಯಾಸರಾಯರ ಆಶ್ರಯ, ಪುರಂದರ ವಿಠಲನೆಂಬ ಅಂಕಿತ, ಹಾಡು ಎಲ್ಲವೂ ಆಮೇಲಿನವು. ಕನಕದಾಸರ ಕಥೆಯಲ್ಲಿಯೂ ಹೀಗೆಯೇ. ನಾಯಕನು ರಣರಂಗದಲ್ಲಿ ಗಾಯಗೊಂಡು ಬಿದ್ದಾಗ ಕಾಗಿನೆಲೆಯ ಆದಿಕೇಶವನ ಕರೆ ಕೇಳುತ್ತದೆ. ಜನಮನ ಕಟ್ಟಿದ ಈ ಕಥೆಗಳ ಪ್ರಕಾರ ಮನುಷ್ಯನನ್ನು ಬುಡಮಟ್ಟ ಅಲುಗಿಸುವುದು ಬದುಕಿನ ಪೆಟ್ಟು. ನಾಮದ ಕೆಲಸ ಬೇರೆ. ಅಲುಗಿದ ಮನಸ್ಸು ಮರುದಿನ ಬೆಳಗಾಗುವಷ್ಟರಲ್ಲಿ ಹಳೆಯ ಜಾಡಿಗೆ ಜಾರದಂತೆ ಹಿಡಿದಿಡುವುದು. ಒಂದು ದಿನದ ವೈರಾಗ್ಯ ಯಾರಿಗಾದರೂ ಬರುತ್ತದೆ, ಸ್ಮಶಾನದಿಂದ ಮನೆ ಮುಟ್ಟುವವರೆಗೆ. ಅದನ್ನು ನಲವತ್ತು ವರ್ಷ ಉಳಿಸಿಕೊಳ್ಳುವುದಕ್ಕೆ ಉಪಾಯ ಬೇಕು.

ಜಗನ್ನಾಥದಾಸರ (1728–1809) ಪ್ರಸಂಗ ಈ ದೃಷ್ಟಿಯಿಂದ ಇನ್ನೂ ಅರ್ಥಪೂರ್ಣವಾದುದು. ಅವರು ಮೊದಲು ಸಂಸ್ಕೃತದ ಘನವಿದ್ವಾಂಸರಾದ ಶ್ರೀನಿವಾಸಾಚಾರ್ಯರು. ಕನ್ನಡದಲ್ಲಿ ಪದ ಹೇಳುವ ವಿಜಯದಾಸರನ್ನು ತಾತ್ಸಾರದಿಂದ ಕಂಡರೆಂದೂ, ಉದರಶೂಲೆಯಿಂದ ನರಳಿ ಕೊನೆಗೆ ಗೋಪಾಲದಾಸರ ಅನುಗ್ರಹದಿಂದ ಆಯುಷ್ಯ ಪಡೆದರೆಂದೂ, ಪಂಢರಪುರದಲ್ಲಿ ಅಂಕಿತ ಲಭಿಸಿತೆಂದೂ ಸಂಪ್ರದಾಯ ಹೇಳುತ್ತದೆ. ಇಲ್ಲಿ ಬಿಡಬೇಕಾಗಿ ಬಂದದ್ದು ಹಣವಲ್ಲ, ಭಾಷೆಯ ಅಹಂಕಾರ. ಯಾವ ಕನ್ನಡವನ್ನು ಕೀಳೆಂದರೋ ಅದೇ ಕನ್ನಡದಲ್ಲಿ, ಅದೂ ಭಾಮಿನೀ ಷಟ್ಪದಿಯಲ್ಲಿ, ಅವರು ಹರಿಕಥಾಮೃತಸಾರವನ್ನು ರಚಿಸಿದರು. ಮಾಧ್ವ ಸಿದ್ಧಾಂತದ ಸೂಕ್ಷ್ಮಗಳನ್ನೆಲ್ಲ ಒಳಗೊಂಡ ಆ ಕೃತಿಯಲ್ಲಿ ನಾಮಸ್ಮರಣೆಗೆಂದೇ ಒಂದು ಸಂಧಿ ಮೀಸಲಾಗಿದೆ. ಪಂಡಿತನು ಅಳಿದು ಭಕ್ತನು ಹುಟ್ಟಿದನೆಂಬುದು ಸುಲಭದ ಮಾತು. ನಿಜವಾಗಿ ಪಂಡಿತನು ಅಳಿಯಲಿಲ್ಲ. ಪಾಂಡಿತ್ಯವು ತನ್ನ ಒಡೆಯನನ್ನು ಬದಲಾಯಿಸಿತು.

ಪುರಂದರದಾಸರಲ್ಲಿಯೂ ವರ್ತಕನು ಅಳಿಯಲಿಲ್ಲ. ನಾಮವನ್ನು ಕಲ್ಲುಸಕ್ಕರೆಯಾಗಿಸಿ ಮಾರುವ ಅವರ ಪ್ರಸಿದ್ಧ ಪದವನ್ನು ನೆನೆಯಬಹುದು. ಎತ್ತಿನ ಮೇಲೆ ಹೇರುವುದು, ಗೋಣಿಯಲ್ಲಿ ಒತ್ತಿ ತುಂಬುವುದು, ಬಾಡಿಗೆ, ಸುಂಕ, ಸಂತೆಯಿಂದ ಸಂತೆಗೆ ಅಲೆಯುವ ದಣಿವು, ಸರಕು ಕೆಟ್ಟು ನಷ್ಟವಾಗುವ ಭಯ—ಇವೊಂದೂ ಈ ಸರಕಿಗೆ ಇಲ್ಲವೆಂದು ಅಲ್ಲಿ ಸಾರಲಾಗಿದೆ. ಈ ಚಿಂತೆಗಳ ಪಟ್ಟಿಯನ್ನು ಗ್ರಂಥ ಓದಿ ಬರೆಯಲಾಗದು. ವ್ಯಾಪಾರದ ಒಳಹೊರಗು ಬಲ್ಲವನೇ ಬರೆಯಬೇಕು. ಲಾಭ, ನಷ್ಟ, ಅಳತೆ, ತೂಕ ಎಂಬ ಹಳೆಯ ಶಬ್ದಕೋಶ ಹಾಗೆಯೇ ಉಳಿದಿದೆ. ಅವು ಬೆಟ್ಟು ಮಾಡುವ ವಸ್ತು ಬದಲಾಗಿದೆ. ಹರಿದಾಸರ ಮಟ್ಟಿಗೆ ಪರಿವರ್ತನೆಯೆಂದರೆ ಇದೇ ಎಂದು ನನ್ನ ಅಭಿಪ್ರಾಯ. ಬದುಕಿದ ಬಾಳನ್ನು ಅಳಿಸಿಹಾಕುವುದಲ್ಲ, ಅದರ ಮಾತುಗಳಿಗೆ ಬೇರೆ ಅರ್ಥ ಹಚ್ಚುವುದು.

ನಾಮದ ಬಗ್ಗೆ ಇಷ್ಟು ಹೇಳಿದವರೇ ಯಾಂತ್ರಿಕವಾದ ನಾಮೋಚ್ಚಾರಣೆಯ ಅತ್ಯಂತ ಕಠೋರ ಟೀಕಾಕಾರರೂ ಆಗಿದ್ದರು. ಉದರ ವೈರಾಗ್ಯವನ್ನು ಬಯಲಿಗೆಳೆಯುವ ಪದದಲ್ಲಿ ಪುರಂದರದಾಸರು ತೋರುವ ವ್ಯಕ್ತಿಗೆ ಏನೂ ಕೊರತೆಯಿಲ್ಲ: ನಸುಕಿನ ನದೀಸ್ನಾನದ ನಡುಕ, ಕೈಯಲ್ಲಿ ಜಪಮಣಿ, ಬಾಯಲ್ಲಿ ಮಂತ್ರ, ಮುಖಕ್ಕೆ ಮುಸುಕು. ಅವನ ದೇವರಪೂಜೆ ಕಂಚುಗಾರನ ಮಳಿಗೆಯನ್ನು ನೆನಪಿಗೆ ತರುತ್ತದೆ. ಗಿಳಿಯ ಓದನ್ನು ಬಸವಣ್ಣನವರು ಹಳಿದದ್ದು ಇದಕ್ಕೆ ಮೂರು ಶತಮಾನಗಳಿಗೂ ಹಿಂದೆ. ಈ ವಿಷಯದಲ್ಲಿ ವಚನಕಾರರಿಗೂ ದಾಸರಿಗೂ ಭಿನ್ನಾಭಿಪ್ರಾಯವಿದ್ದಂತಿಲ್ಲ.

ಹಾಗಾದರೆ ಅಜಾಮಿಳನ ಕಥೆಯ ಗತಿಯೇನು? ದಾಸರು ಮತ್ತೆ ಮತ್ತೆ ನೆನೆಯುವ ಈ ಕಥೆ ಭಾಗವತದ ಆರನೆಯ ಸ್ಕಂಧದಲ್ಲಿದೆ. ಸಾಯುವಾಗ ಮಗನನ್ನು ನಾರಾಯಣನೆಂದು ಕೂಗಿದ ಮಾತ್ರಕ್ಕೆ ಭ್ರಷ್ಟನೊಬ್ಬನು ಯಮದೂತರ ಕೈಯಿಂದ ಪಾರಾಗುತ್ತಾನೆ. ಬೇರೊಂದನ್ನು ಉದ್ದೇಶಿಸಿ, ಪರಿಹಾಸಕ್ಕಾಗಿ, ಹಾಡಿನ ತುಂಬುಮಾತಾಗಿ, ತಿರಸ್ಕಾರದಿಂದ ಹೇಳಿದರೂ ಹೆಸರು ಪಾಪವನ್ನು ಕಳೆಯುತ್ತದೆಂದು ವಿಷ್ಣುದೂತರು ವಾದಿಸುತ್ತಾರೆ. ಹರಿಕಥೆಯ ವೇದಿಕೆಗಳಲ್ಲಿ ಕಥೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಮೂಲದಲ್ಲಿ ನಿಲ್ಲುವುದಿಲ್ಲ. ದೂತರಿಬ್ಬರ ವಾದವನ್ನು ಕೇಳಿದ ಅಜಾಮಿಳನು ನೇರವಾಗಿ ವೈಕುಂಠಕ್ಕೆ ಹೋಗದೆ ಮತ್ತೆ ತನ್ನ ಬದುಕಿಗೇ ಮರಳುತ್ತಾನೆ. ಮಾಡಿದ್ದನ್ನೆಲ್ಲ ನೆನೆದು ಪರಿತಪಿಸುತ್ತಾನೆ. ಮನೆ ಬಿಟ್ಟು ಗಂಗಾದ್ವಾರಕ್ಕೆ ಹೋಗಿ ಯೋಗದಲ್ಲಿ ನಿಂತು ಮನಸ್ಸನ್ನು ಪಳಗಿಸುತ್ತಾನೆ. ಅದಾದ ಮೇಲೆ ವಿಮಾನ ಬರುತ್ತದೆ. ಅರಿಯದೆ ಆಡಿದ ಹೆಸರು ಅವನಿಗೆ ಕೊಟ್ಟದ್ದು ಅವಧಿಯನ್ನು. ಆ ಅವಧಿಯನ್ನು ತುಂಬಿದ್ದು ಅವನ ಅರಿವು. ಕಥೆಯ ಈ ಉತ್ತರಾರ್ಧವನ್ನು ಕೈಬಿಟ್ಟು ನಾಮಮಹಿಮೆ ಹೇಳುವವರು ಭಾಗವತಕ್ಕೆ ನ್ಯಾಯ ಮಾಡಿದಂತಾಗುವುದಿಲ್ಲ.

ಇದೇ ಎರಡು ಅಂಶಗಳು ಕೀರ್ತನೆಯ ರಚನೆಯಲ್ಲಿಯೂ ಕಾಣುತ್ತವೆ. ಕೀರ್ತನೆಗೆ ಪಲ್ಲವಿಯೊಂದು, ಚರಣಗಳು ಹಲವು. ಪಲ್ಲವಿಯಲ್ಲಿ ಬಹುಮಟ್ಟಿಗೆ ಕರೆ ಇರುತ್ತದೆ ಅಥವಾ ಹೆಸರು ಇರುತ್ತದೆ. ಚರಣಗಳಲ್ಲಿ ಇರುವುದು ಹಾಡುವವನ ಸ್ಥಿತಿ: ಹಸಿವು, ಸಂಸಾರದ ಜಂಜಾಟ, ಮುಪ್ಪು, ನೆರೆಯವನ ಏಳಿಗೆಯನ್ನು ಕಂಡು ಹುಟ್ಟುವ ಸಂಕಟ, ಹೊಟ್ಟೆಗಾಗಿ ಹಾಕಿದ ವೇಷ. ಪ್ರತಿಯೊಂದು ಚರಣವೂ ಮನಸ್ಸನ್ನು ಬದುಕಿನೊಳಕ್ಕೆ ಇಳಿಸುತ್ತದೆ. ಪಲ್ಲವಿ ಮತ್ತೆ ಮೇಲೆ ಕರೆತರುತ್ತದೆ. ಮೊದಲ ಸಲ ಹಾಡಿದ ಪಲ್ಲವಿಗೂ ಮೂರನೆಯ ಚರಣವಾದ ಮೇಲೆ ಹಾಡುವ ಪಲ್ಲವಿಗೂ ಅಕ್ಷರ ಒಂದೇ, ತೂಕ ಬೇರೆ. ಪುನರುಕ್ತಿಯೆಂದು ವಿಮರ್ಶಕರು ಬೇಸರಪಡುವುದು ಅಚ್ಚಿನಲ್ಲಿ ಕಣ್ಣೋಡಿಸುವಾಗ. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಹಿಂದೆ ಹೇಳುವಾಗ ಅದು ಮನಸ್ಸಿಗೆ ಹಿಂತಿರುಗುವ ಅಭ್ಯಾಸವನ್ನು ಕಲಿಸುವ ವಿಧಾನವಾಗುತ್ತದೆ. ಕೊನೆಯಲ್ಲಿ ಅಂಕಿತ. ಕವಿ ತನ್ನ ಹೆಸರನ್ನು ಇಡಬೇಕಾದ ಜಾಗದಲ್ಲಿ ದೇವರ ಹೆಸರನ್ನು ಇಡುತ್ತಾನೆ. ಶ್ರೀಪಾದರಾಯರದು ರಂಗವಿಠಲ, ವಾದಿರಾಜರದು ಹಯವದನ, ಹರಪನಹಳ್ಳಿ ಭೀಮವ್ವನವರದು ಭೀಮೇಶಕೃಷ್ಣ. ಪದವನ್ನು ಹಾಡುವ ಮೂರನೆಯವನಿಗೂ ಅಲ್ಲಿ ತನ್ನ ಹೆಸರನ್ನು ಸೇರಿಸಲು ಎಡೆಯಿಲ್ಲ.

ಮಹಾರಾಷ್ಟ್ರದಲ್ಲಿ ಕುಳಿತು ಈ ವಿಷಯವನ್ನು ಬರೆಯುವವರಿಗೆ ಪಂಢರಪುರ ದೂರವಲ್ಲ. ದಾಸರ ಅಂಕಿತಗಳಲ್ಲಿ ನೆಲೆಸಿದ ವಿಠಲನೇ ವಾರಕರಿಗಳ ವಿಠೋಬ. ಜ್ಞಾನೇಶ್ವರರ ಹೆಸರಿನಲ್ಲಿ ಪ್ರಸಿದ್ಧವಾದ ಅಭಂಗವೊಂದು ಅವನನ್ನು ಕನ್ನಡಿಗನೆಂದೇ ಕರೆಯುತ್ತದೆ. ಪುರಂದರದಾಸರ ಹುಟ್ಟೂರು ಪುಣೆಯ ಬಳಿಯ ಪುರಂದರಗಡವೋ ಮಲೆನಾಡಿನ ಆರಗದ ಆಸುಪಾಸೋ ಎಂಬ ವಾದವಂತೂ ಇದ್ದೇ ಇದೆ. ಗದಗಿನಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು (1922–2011) ಅಭಂಗವನ್ನೂ ದಾಸರ ಪದವನ್ನೂ ಒಂದೇ ಕೊರಳಲ್ಲಿ ಹಾಡಿದರು. ಕನ್ನಡವರಿಯದ ಸಾವಿರಾರು ಕೇಳುಗರು ಆ ಪದಗಳಿಗೆ ತಲೆದೂಗಿದರು. ಅರ್ಥವಿಲ್ಲದೆಯೂ ನಾದ ಮುಟ್ಟುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ಮುಟ್ಟುವುದು ಬೇರೆ, ಮಾರ್ಪಡಿಸುವುದು ಬೇರೆ. ಹೊರನಾಡಿನ ಪ್ರಶ್ನೆ ಇಲ್ಲಿಯೇ ಹುಟ್ಟುತ್ತದೆ. ಮುಂಬಯಿಗೆ ಕರಾವಳಿಯಿಂದ ಬಂದವರು ಹೋಟೆಲು, ಗಿರಣಿ, ಕಚೇರಿಗಳ ದುಡಿಮೆಯ ನಡುವೆ ಭಜನಾ ಮಂಡಳಿಗಳನ್ನು ಕಟ್ಟಿ ಬೆಳೆಸಿದರು. ಅವರಲ್ಲಿ ಬಹಳ ಮಂದಿಯ ಮನೆಮಾತು ತುಳು ಅಥವಾ ಕೊಂಕಣಿ. ಭಜನೆಯ ಮಾತು ಮಾತ್ರ ಕನ್ನಡ. ಶಾಲೆಯಲ್ಲಿ ಕಲಿತ ಕನ್ನಡವನ್ನು ವಾರಕ್ಕೊಮ್ಮೆಯಾದರೂ ಗಟ್ಟಿಯಾಗಿ ಆಡುವ ಅವಕಾಶವನ್ನು ಅವರಿಗೆ ಒದಗಿಸಿದ್ದು ತಾಳ, ಹಾರ್ಮೋನಿಯಂಗಳ ಸುತ್ತ ಕುಳಿತ ಆ ಎರಡು ಗಂಟೆ. ಅವರ ಮೊಮ್ಮಕ್ಕಳಲ್ಲಿ ಎಷ್ಟೋ ಮಂದಿಗೆ ಈಗ ಕನ್ನಡ ಲಿಪಿ ಬಾರದು. ಪದಗಳನ್ನು ದೇವನಾಗರಿಯಲ್ಲಿ ಬರೆದುಕೊಂಡು ಹಾಡುತ್ತಾರೆ. ಶ್ರುತಿ ತಪ್ಪುವುದಿಲ್ಲ, ತಾಳ ತಪ್ಪುವುದಿಲ್ಲ. ಹಿರಿಯರಿಗಿಂತ ಚೆನ್ನಾಗಿಯೇ ಹಾಡುವವರೂ ಇದ್ದಾರೆ. ಮರಾಠಿಯ ಬಳಕೆಯ ಬರವಣಿಗೆಯಲ್ಲಿ ಎ-ಏ, ಒ-ಓಗಳ ಹ್ರಸ್ವದೀರ್ಘ ಭೇದವಿಲ್ಲ. ಆದ್ದರಿಂದ ‘ಕೊಡು’ ಎಂದು ಬೇಡಬೇಕಾದಲ್ಲಿ ‘ಕೋಡು’ ಬಂದುಬಿಡುತ್ತದೆ. ‘ತೊಡು’ ಎನ್ನುವುದು ‘ತೋಡು’ ಆಗುತ್ತದೆ. ಹಾಡುವವರಿಗೆ ಗೊತ್ತಾಗುವುದಿಲ್ಲ, ಕೇಳುವ ಹಿರಿಯರು ಮುಗುಳ್ನಕ್ಕು ಸುಮ್ಮನಾಗುತ್ತಾರೆ.

ಇಂಥ ಭಜನೆ ವ್ಯರ್ಥವೇ? ವ್ಯರ್ಥವೆಂದರೆ ಅಜಾಮಿಳನ ಕಥೆಯ ಪೂರ್ವಾರ್ಧವನ್ನು ಅಲ್ಲಗಳೆದಂತೆ. ಹರಿ, ಕೃಷ್ಣ, ವಿಠಲ ಎಂಬ ಹೆಸರುಗಳು ಯಾವ ಲಿಪಿಯಲ್ಲಿಯೂ ಕೆಡುವುದಿಲ್ಲ. ಪಲ್ಲವಿ ಹೆಚ್ಚುಕಡಿಮೆ ಕ್ಷೇಮವಾಗಿಯೇ ಇದೆ. ಕಳೆದುಹೋಗುತ್ತಿರುವುದು ಚರಣ. ಹೊಟ್ಟೆಕಿಚ್ಚಿನ ಬಗ್ಗೆ, ಸೋಗಿನ ಬಗ್ಗೆ ದಾಸರು ಹಾಡುವವನ ಬಾಯಿಂದಲೇ ಅವನಿಗೆ ಹೇಳಿಸುವ ಮಾತು ತಿಳಿಯದಿದ್ದರೆ, ಉದರ ವೈರಾಗ್ಯದ ಪದವನ್ನೇ ಉದರ ವೈರಾಗ್ಯದಿಂದ ಹಾಡಿ ಎದ್ದುಬರಬಹುದು. ಸುಶ್ರಾವ್ಯವಾಗಿ ಹಾಡಿ ಬರಬಹುದು ಎನ್ನುವುದೇ ಇಲ್ಲಿಯ ಅಪಾಯ.

ಕೆಲವು ಮಂಡಳಿಗಳಲ್ಲಿ ಹಿರಿಯರೊಬ್ಬರು ಪದವನ್ನು ಎತ್ತಿಕೊಳ್ಳುವ ಮೊದಲು ಅದರ ಚರಣಗಳ ತಾತ್ಪರ್ಯವನ್ನು ತುಳುವಿನಲ್ಲೋ ಮರಾಠಿಯಲ್ಲೋ ಹೇಳುವ ರೂಢಿ ಇದೆ. ದ್ರಾವಿಡ ಭಾಷೆಗಳ ಲಿಪ್ಯಂತರಕ್ಕೆಂದು ದೇವನಾಗರಿಯಲ್ಲಿ ಹ್ರಸ್ವ ಎ, ಒಗಳಿಗೆ ಪ್ರತ್ಯೇಕ ಚಿಹ್ನೆಗಳನ್ನು ಕಲ್ಪಿಸಿಕೊಂಡಿದ್ದಾರೆ. ಭಜನೆಯ ಪುಸ್ತಕಗಳಲ್ಲಿ ಅವುಗಳನ್ನು ಬಳಸಲು ಅಡ್ಡಿಯೇನೂ ಇಲ್ಲ. ಅದಕ್ಕಿಂತ ಮೇಲಾದುದು ಲಿಪಿಯನ್ನೇ ಕಲಿಸುವುದು. ಬಾಯಿಪಾಠವಾಗಿರುವ ಪದವನ್ನು ಮುಂದಿಟ್ಟುಕೊಂಡು ಅಕ್ಷರ ಕಲಿಯುವವರಿಗೆ ಅಪರಿಚಿತ ವಾಕ್ಯಗಳ ತೊಡಕು ಇರುವುದಿಲ್ಲ. ಕಿವಿಗೆ ಗೊತ್ತಿರುವುದನ್ನು ಕಣ್ಣು ಹುಡುಕಿಕೊಳ್ಳುತ್ತದೆ. ಹೊರನಾಡಿನ ಕನ್ನಡ ವಿಭಾಗಗಳು ನಡೆಸುವ ಪ್ರಾಥಮಿಕ ಕನ್ನಡ ತರಗತಿಗಳಲ್ಲಿ ನಿತ್ಯೋಪಯೋಗಿ ಸಂಭಾಷಣೆಯ ಪಾಠಗಳ ಜೊತೆಗೆ ಹತ್ತು ಹನ್ನೆರಡು ದಾಸರ ಪದಗಳನ್ನು ಇಟ್ಟುಕೊಂಡು, ತರಗತಿಯನ್ನು ವಿಶ್ವವಿದ್ಯಾಲಯದ ಕಟ್ಟಡದಲ್ಲಿ ನಡೆಸುವ ಬದಲು ಭಜನೆಗೆ ಮುಂಚಿನ ಅರ್ಧ ಗಂಟೆಯಲ್ಲಿ ಮಂಡಳಿಯ ಹಜಾರದಲ್ಲಿಯೇ ನಡೆಸಬಹುದು. ಚಾಪೆ ಹೇಗೂ ಹಾಸಿರುತ್ತದೆ.