ಮಿದುಳಿಗೆ ಪೆಟ್ಟಾದ ಮೇಲೆ ಚೇತರಿಕೆ: ಇಂದಿಗೆ ಒಂದು ಚಿಕ್ಕ ಗುರಿ

ತಲೆಗೆ ಬಲವಾದ ಪೆಟ್ಟು ಬಿದ್ದವರು ಆಸ್ಪತ್ರೆಯಿಂದ ಮನೆಗೆ ಹೊರಡುವಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಮೊದಲಿನಂತೆ ಆಗುವುದು ಯಾವಾಗ?’ ಇದಕ್ಕೆ ದಿನ ಗೊತ್ತುಮಾಡಿ ಹೇಳಲು ವೈದ್ಯರಿಗೂ ಆಗುವುದಿಲ್ಲ. ಸಾಮಾನ್ಯವಾಗಿ ಮೊದಲ 6 ತಿಂಗಳಲ್ಲಿ ಸುಧಾರಣೆ ವೇಗವಾಗಿರುತ್ತದೆ. ಆಮೇಲೆ ನಿಧಾನವಾದರೂ 2 ವರ್ಷ, ಕೆಲವರಲ್ಲಿ ಇನ್ನೂ ಹೆಚ್ಚು ಕಾಲ ಮುಂದುವರಿಯುತ್ತದೆ. ಇಷ್ಟು ದಿನ ‘ಮೊದಲಿನಂತೆ ಆಗಬೇಕು’ ಎಂಬುದನ್ನಷ್ಟೇ ನೋಡುತ್ತಾ ಕುಳಿತರೆ ಪ್ರತಿದಿನವೂ ಸೋತಂತೆ ಅನಿಸುತ್ತದೆ. ಆದ್ದರಿಂದ ಗುರಿಯನ್ನು ಚಿಕ್ಕದು ಮಾಡಿಕೊಳ್ಳಿ.

ಚಿಕ್ಕ ಗುರಿ ಏಕೆ?

ಪೆಟ್ಟಾದ ಭಾಗದ ಕೆಲಸವನ್ನು ಮಿದುಳಿನ ಉಳಿದ ನರಕೋಶಗಳು ಹೊಸ ಸಂಪರ್ಕ ಬೆಳೆಸಿಕೊಂಡು ಸ್ವಲ್ಪಮಟ್ಟಿಗೆ ಕಲಿಯಬಲ್ಲವು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಾಗ ಈ ಸಂಪರ್ಕ ಗಟ್ಟಿಯಾಗುತ್ತದೆ. ಆದರೆ ಪೆಟ್ಟಾದ ಮಿದುಳು ಬೇಗ ದಣಿಯುತ್ತದೆ. ಒಂದೇ ಸಲ 1 ಗಂಟೆ ಮಾಡುವುದಕ್ಕಿಂತ ನಡುವೆ ವಿಶ್ರಾಂತಿ ಕೊಟ್ಟು 10 ನಿಮಿಷದಂತೆ ಹಲವು ಸಲ ಮಾಡಿಸಿ.

ಗುರಿ ಇಡುವುದು ಹೇಗೆ?

1. ಯಾವ ಕೆಲಸ ತಾನೇ ಮಾಡಿಕೊಳ್ಳಬೇಕೆಂಬ ಆಸೆಯಿದೆ ಎಂದು ರೋಗಿಯನ್ನೇ ಕೇಳಿ.

2. ‘ಚೆನ್ನಾಗಿ ನಡೆಯಬೇಕು’ ಎನ್ನುವ ಬದಲು ‘ಬೆಳಿಗ್ಗೆ ತಿಂಡಿಗೆ ಮುಂಚೆ, ಒಬ್ಬರ ಕೈ ಹಿಡಿದು, ಮಂಚದಿಂದ ಬಾಗಿಲವರೆಗೆ’ ಎಂದು ಸ್ಪಷ್ಟವಾಗಿ ಹೇಳಿ.

3. ಕೆಲಸವನ್ನು ಬಿಡಿಸಿ ಕಲಿಸಿ. ಅಂಗಿ ತೊಡುವಾಗ ಮೊದಲು ಶಕ್ತಿ ಕಡಿಮೆಯಿರುವ ಕೈಯನ್ನು ತೋಳಿಗೆ ಹಾಕುವುದು ಒಂದು ಗುರಿ. ಇನ್ನೊಂದು ಕೈ ಹಾಕುವುದು ಎರಡನೆಯದು. ಗುಂಡಿಗಳು ಆಮೇಲೆ.

4. ಗುರಿಯನ್ನು ನೋಟ್‌ಬುಕ್ಕಿನಲ್ಲಿ ಬರೆದು, ಆದ ದಿನ ಗುರುತು ಹಾಕಿ. ಮರೆವು ಇರುವವರಿಗೆ ತಮ್ಮ ಪ್ರಗತಿ ಇದರಿಂದಲೇ ತಿಳಿಯುತ್ತದೆ.

5. 3 ದಿನ ಸುಲಭವಾಗಿ ಆದರೆ ಸ್ವಲ್ಪ ಹೆಚ್ಚಿಸಿ. ಆಗದಿದ್ದರೆ ಗುರಿ ದೊಡ್ಡದಾಯಿತೆಂದು ತಿಳಿದು ಅರ್ಧಕ್ಕೆ ಇಳಿಸಿ. ರೋಗಿಯನ್ನು ಬೈಯಬೇಡಿ.

ಮನೆಯವರ ಗಮನಕ್ಕೆ

ತಡವಾಗುತ್ತದೆಂದು ತಲೆ ಬಾಚುವುದು, ಗುಂಡಿ ಹಾಕುವುದು ಎಲ್ಲವನ್ನೂ ನೀವೇ ಮಾಡಿದರೆ ರೋಗಿಗೆ ಕಲಿಯುವ ಅವಕಾಶ ತಪ್ಪುತ್ತದೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ 10 ಎಣಿಸಿ, ಉತ್ತರಕ್ಕೆ ಕಾಯಿರಿ. ಸಿಟ್ಟು, ಅಳು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಪೆಟ್ಟಿನ ಪರಿಣಾಮವಾಗಿರಬಹುದು. ಅದನ್ನು ಸೋಮಾರಿತನವೆನ್ನಬೇಡಿ. ಬೇರೆ ರೋಗಿಯೊಂದಿಗೆ ಹೋಲಿಸಲೂಬೇಡಿ. ಪಕ್ಕದ ಹಾಸಿಗೆಯವರ ಪೆಟ್ಟು ಬೇರೆ, ಇವರ ಪೆಟ್ಟು ಬೇರೆ.

ಎಚ್ಚರಿಕೆ

ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವೈದ್ಯರು ಒಪ್ಪುವವರೆಗೆ ವಾಹನ ಓಡಿಸುವುದು, ಈಜುವುದು, ಏಣಿ ಹತ್ತುವುದು ಬೇಡ. ಮದ್ಯಪಾನ ಕೂಡದು. ತಲೆನೋವು ಹೆಚ್ಚುತ್ತಾ ಹೋಗುವುದು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಕೈಕಾಲು ಹೊಸದಾಗಿ ಸೋಲುವುದು ಕಂಡರೆ, ಪೆಟ್ಟಾಗಿ ಕೆಲವು ವಾರ ಕಳೆದಿದ್ದರೂ, ತಕ್ಷಣ ಆಸ್ಪತ್ರೆಗೆ ಕರೆತನ್ನಿ. ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಿ.

ಮುಂದಿನ ತಪಾಸಣೆಗೆ ಬರುವಾಗ ಆ ನೋಟ್‌ಬುಕ್ಕನ್ನು ತಪ್ಪದೆ ತನ್ನಿ. ಅದರಲ್ಲಿನ ಗುರುತುಗಳನ್ನು ನೋಡಿ ವೈದ್ಯರು ಮತ್ತು ಫಿಜಿಯೋಥೆರಪಿಸ್ಟರು ನಿಮ್ಮೊಂದಿಗೆ ಕುಳಿತು ಮುಂದಿನ ಗುರಿಯನ್ನು ನಿರ್ಧರಿಸುತ್ತಾರೆ.