ಪರದೆ ಕೆಂಪಾದ ಕೂಡಲೇ ಫೋನೆತ್ತಬೇಡ

ಶಿವಮೊಗ್ಗದಲ್ಲಿ ನೆಟ್‌ವರ್ಕ್ ಮಾನಿಟರಿಂಗ್ ಕೆಲಸಕ್ಕೆ ಸೇರಿದೆಯಂತೆ, ಅದೂ ರಾತ್ರಿ ಪಾಳಿ. ನಿಮ್ಮಮ್ಮ ಹೇಳಿದಳು. ಒಳ್ಳೇದಾಯ್ತು ಪುಟ್ಟಿ. ಇದೇ ಕಸುಬಿನಲ್ಲಿ ತಲೆ ನರೆಸಿಕೊಂಡ ಮಾವನ ಮಾತು ಒಂದಷ್ಟು ಕೇಳಿಸಿಕೋ.

ಪರದೆ ಮೇಲೆ 'ಡಿವೈಸ್ ಡೌನ್' ಅಂತ ಬಂದರೆ ಅರ್ಥ ಇಷ್ಟೇ: ನೀವು ಕಳಿಸಿದ ಪಿಂಗ್‌ಗೆ ಉತ್ತರ ಬಂದಿಲ್ಲ. ಪೆಟ್ಟಿಗೆ ಕೆಟ್ಟಿದೆ ಅಂತಲ್ಲ. ನಮ್ಮ ಕಡೆ ಅದಕ್ಕೆ ಹೆಚ್ಚಾಗಿ ಎರಡೇ ಕಾರಣ. ಕರೆಂಟು ಹೋಗಿರುತ್ತೆ, ಇಲ್ಲಾ ಬಿ.ಎಚ್. ರಸ್ತೆ ಬದಿಯಲ್ಲಿ ಜೆಸಿಬಿ ಹಲ್ಲಿಗೆ ಫೈಬರ್ ಸಿಕ್ಕಿರುತ್ತೆ. ಒಂದಕ್ಕೆ ಮೆಸ್ಕಾಂ, ಇನ್ನೊಂದಕ್ಕೆ ಫೈಬರ್ ಜೋಡಿಸೋ ಹುಡುಗರು. ನೀನು ತಪ್ಪು ಕಡೆ ಫೋನ್ ಮಾಡಿದರೆ ಯಾರೋ ಪಾಪದವನು ಜಡಿಮಳೆಯಲ್ಲಿ ಮಾಚೇನಹಳ್ಳಿ ತನಕ ಬೈಕಲ್ಲಿ ಹೋಗಿ ಸುಮ್ಮನೆ ವಾಪಸ್ ಬರಬೇಕು.

ಕೂತಲ್ಲೇ ಪತ್ತೆ ಹಚ್ಚಬಹುದು ಮಾರಾಯ್ತಿ. ಫೈಬರ್ ಮೋಡೆಮ್‌ಗೆ ಕರೆಂಟು ತಪ್ಪಿದರೆ, ಕೆಪಾಸಿಟರ್‌ನಲ್ಲಿ ಉಳಿದ ಚೂರು ಶಕ್ತಿಯಲ್ಲೇ 'ಡೈಯಿಂಗ್ ಗ್ಯಾಸ್ಪ್' ಅನ್ನೋ ಸಂದೇಶ ಕಳಿಸಿ ಆರಿಹೋಗುತ್ತೆ. ಅದು ಬಂದಿದ್ದರೆ ಕರೆಂಟು. ಅದಿಲ್ಲದೆ ಬರೀ 'ಲಾಸ್ ಆಫ್ ಸಿಗ್ನಲ್' ಇದ್ದರೆ ಬೆಳಕೇ ಬರ್ತಿಲ್ಲ, ಕೇಬಲ್ ಮೇಲೆ ಅನುಮಾನಪಡು. ರೂಟರ್ ಆದರೆ ಲಿಂಕ್ ವಾಪಸ್ ಬಂದ ಮೇಲೆ ಅದರ ಅಪ್‌ಟೈಮ್ ನೋಡು. ಎರಡು ನಿಮಿಷ ಅಂತಿದ್ದು, ಜೊತೆಗೆ 'ಕೋಲ್ಡ್ ಸ್ಟಾರ್ಟ್' ಟ್ರ್ಯಾಪ್ (ಪೆಟ್ಟಿಗೆ ತಾನಾಗೇ ಕಳಿಸೋ ಸುದ್ದಿ) ಬಂದಿದ್ದರೆ ಪೆಟ್ಟಿಗೆ ಆರಿ ಹೊತ್ತಿದೆ. ಮೂರು ತಿಂಗಳು ಅಂತಿದ್ದರೆ ಅದು ಆರೇ ಇಲ್ಲ, ದಾರಿ ಕಡಿದಿತ್ತು ಅಷ್ಟೆ. ಇಲ್ಲೊಂದು ತಮಾಷೆ ಇದೆ. ಪೆಟ್ಟಿಗೆಗಳ ಸ್ಥಿತಿ ವಿಚಾರಿಸೋಕೆ ಬಳಸೋ ಎಸ್‌ಎನ್‌ಎಂಪಿಯ ಅಪ್‌ಟೈಮ್ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಎಣಿಸೋ 32 ಬಿಟ್ ಲೆಕ್ಕ. 497 ದಿನಕ್ಕೆ ತುಂಬಿ ಸೊನ್ನೆಗೆ ಬೀಳುತ್ತೆ. ಒಳ್ಳೇ ಯುಪಿಎಸ್ ಇರೋ ಕಡೆ, ಆರದೇ ಇದ್ದ ಪೆಟ್ಟಿಗೆಯೂ ಈಗ ತಾನೇ ಎದ್ದ ಹಾಗೆ ಕಾಣುತ್ತೆ.

ಭದ್ರಾವತಿ ನ್ಯೂಟೌನಿನ ಒಂದು ಲಿಂಕ್ ಬಿದ್ದರೆ ಅದರ ಹಿಂದಿರೋ ಕಾಗದನಗರದ ಸ್ವಿಚ್, ಕ್ಯಾಮೆರಾ ಎಲ್ಲ ಒಟ್ಟಿಗೆ ಕೂಗುತ್ತವೆ. ಯಾವುದರ ಹಿಂದೆ ಯಾವುದಿದೆ ಅಂತ ಸಾಫ್ಟ್‌ವೇರ್‌ಗೆ ಮೊದಲೇ ಹೇಳಿಟ್ಟಿದ್ದರೆ ಒಂದೇ ಅಲರ್ಟ್ ಬರುತ್ತೆ. ಹೇಳಿಲ್ಲದಿದ್ದರೆ ಮೊದಲು ಕೂಗಿದ್ದನ್ನಲ್ಲ, ಎಲ್ಲಕ್ಕಿಂತ ಮುಂದಿರೋದನ್ನ ಹಿಡಿ.

ಸಿಪಿಯು, ಮೆಮೊರಿ, ಬ್ಯಾಂಡ್‌ವಿಡ್ತ್, ಬಿಸಿ, ಫ್ಯಾನು, ಇವೆಲ್ಲ ಮಿತಿಯ ಅಲರ್ಟ್‌ಗಳು. 80 ಪರ್ಸೆಂಟ್ ಒಮ್ಮೆ ಮುಟ್ಟಿದ್ದಕ್ಕೇ ಕೂಗಿಸಬೇಡ. ಐದು ನಿಮಿಷ ಮೇಲೇ ನಿಂತರೆ ಕೂಗಲಿ, 70ಕ್ಕಿಂತ ಕೆಳಗಿಳಿದ ಮೇಲೆ ಸುಮ್ಮನಾಗಲಿ. ಇಲ್ಲದಿದ್ದರೆ ರಾತ್ರಿಯಿಡೀ ಕೆಂಪು ಹಸಿರು, ಕೆಂಪು ಹಸಿರು.

ಸಿಸ್‌ಲಾಗ್ ಸಂದೇಶಗಳ, ಅಂದರೆ ಪೆಟ್ಟಿಗೆಗಳು ಬರೆದು ಕಳಿಸೋ ಟಿಪ್ಪಣಿಗಳ, ದರ್ಜೆಗಳನ್ನೂ ಕಣ್ಣುಮುಚ್ಚಿ ನಂಬಬೇಡ. 0ಯಿಂದ 7ರವರೆಗೆ ಇವೆ, ಸಂಖ್ಯೆ ಇಳಿದಷ್ಟೂ ಗಂಭೀರ. ಆದರೆ ಸಿಸ್ಕೋ ಸ್ವಿಚ್ಚಿನಲ್ಲಿ ಯಾರೋ ಪಿಸಿ ಆಫ್ ಮಾಡಿ ಮನೆಗೆ ಹೋದದ್ದಕ್ಕೂ 3ನೇ ದರ್ಜೆಯ ಸಂದೇಶ ಬರುತ್ತೆ. ಕಾನ್ಫಿಗರೇಶನ್ ತಿದ್ದಿದ್ದಕ್ಕೆ ಬರೋದು ಬರೀ 5. ಸಂಜೆ ಆರಕ್ಕೆ ಯಾರೋ ತಿದ್ದಿರುತ್ತಾರೆ, ಆರೂ ಕಾಲಿಗೆ ಅರ್ಧ ಊರು ನಿಂತಿರುತ್ತೆ. ಆ 5ನ್ನ ಹುಡುಕೋದನ್ನ ರೂಢಿ ಮಾಡಿಕೋ. ತಪ್ಪು ಗುಪ್ತಪದ ಹೇಳಿದ್ದಕ್ಕೆ ಬರೋ 'ಅಥೆಂಟಿಕೇಶನ್ ಫೇಲ್ಯೂರ್' ಬಹುಪಾಲು ನಮ್ಮದೇ ಹಳೇ ಸರ್ವರಿನ ಕಿತಾಪತಿ ಇರುತ್ತೆ. ಆದರೂ ಯಾವ ಐಪಿಯಿಂದ ಬಂತು ಅಂತ ನೋಡದೆ ಅಳಿಸಬೇಡ.

ನಂಗೆ ಜಾಸ್ತಿ ಹೆದರಿಕೆ ಹಸಿರು ಪರದೆಯದ್ದು. ಟ್ರ್ಯಾಪ್‌ಗಳು ಯುಡಿಪಿ 162ನೇ ಪೋರ್ಟಿಗೆ ಬರ್ತವೆ, ತಲುಪಿತಾ ಅಂತ ಕಳಿಸಿದ ಪೆಟ್ಟಿಗೆ ವಿಚಾರಿಸೋದಿಲ್ಲ. ಬೇರೆ ದಾರಿ ಇಲ್ಲದಿದ್ದರೆ, ಕಡಿದ ಲಿಂಕಿನ ಸುದ್ದಿ ಆ ಲಿಂಕಿನ ಮೇಲೇ ಬರಬೇಕು, ಹೇಗೆ ಬಂದೀತು? ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆ ಒಂದೂ ಅಲರ್ಟ್ ಇಲ್ಲ ಅಂದರೆ ಕಾಫಿಗೆ ಏಳಬೇಡ, ಕೊನೇ ಪೋಲಿಂಗ್, ಅಂದರೆ ಸರ್ವರ್ ತಾನೇ ಪೆಟ್ಟಿಗೆಗಳನ್ನ ವಿಚಾರಿಸೋದು, ಎಷ್ಟು ಹೊತ್ತಿಗೆ ಆಗಿದೆ ನೋಡು. ಹಾಗೇ, ಮಾನಿಟರಿಂಗ್ ಸರ್ವರೇ ಮಲಗಿದರೆ ಅದನ್ನ ಹೇಳೋಕೆ ಬೇರೆ ಕಡೆ ಏನಾದರೂ ಇಟ್ಟಿದ್ದಾರಾ ಅಂತ ನಾಳೆ ನಿಮ್ಮ ಸೂಪರ್‌ವೈಸರ್ ಹತ್ತಿರ ಕೇಳು.