ದುಡಿಯುವವರ ಮುಂದಿನ ಪದವಿ: ಆಯ್ಕೆಗೆ ಮುನ್ನ ಮಾಡಬೇಕಾದ ಲೆಕ್ಕ

ಹೊಸಪೇಟೆಯ ಅಂಗಡಿಗಳಲ್ಲಿ, ಸಂಡೂರಿನ ಸಾರಿಗೆ ಕಚೇರಿಗಳಲ್ಲಿ, ಕಂಪ್ಲಿಯ ಅಕ್ಕಿ ಗಿರಣಿಗಳಲ್ಲಿ ಹತ್ತು ಹದಿನೈದು ವರ್ಷ ದುಡಿದ ಅನೇಕರು ಮತ್ತೆ ಓದುವ ವಿಚಾರ ಮಾಡುವುದುಂಟು. ಬಿ.ಕಾಂ. ಮುಗಿಸಿ ಲೆಕ್ಕ ಬರೆಯುವವರಿಗೆ ಎಂ.ಕಾಂ. ಅಥವಾ ಎಂ.ಬಿ.ಎ. ಮಾಡುವ ಬಯಕೆ, ಡಿಪ್ಲೊಮಾ ಪಡೆದು ವರ್ಕ್‌ಶಾಪ್ ನಡೆಸುವವರಿಗೆ ಎಂಜಿನಿಯರಿಂಗ್ ಪದವಿಯ ಆಸೆ, ತೆರಿಗೆ ನೋಟಿಸುಗಳಿಂದ ಬೇಸತ್ತವರಿಗೆ ಕಾನೂನು ಓದಬೇಕೆಂಬ ಹಂಬಲ. ಇವರೆಲ್ಲರ ಪ್ರಶ್ನೆ ಒಂದೇ: ಯಾವ ಪದವಿ ಒಳ್ಳೆಯದು?

ಈ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಉತ್ತರ ಇಲ್ಲ. ಯಂತ್ರ ಕೊಳ್ಳುವ ಮುನ್ನ ಅದರಿಂದ ಯಾವ ಮಾಲು ತಯಾರಾಗಬೇಕು ಎಂದು ಕೇಳುವ ಉದ್ದಿಮೆದಾರರು ಪದವಿಯ ವಿಷಯದಲ್ಲಿಯೂ ಅದೇ ವಿವೇಚನೆ ತೋರಬೇಕಾಗುತ್ತದೆ. ಹಣಕ್ಕಿಂತ ಹೆಚ್ಚಾಗಿ ಎರಡು ಮೂರು ವರ್ಷಗಳ ಸಮಯ ಇಲ್ಲಿ ತೊಡಗಿಸಲ್ಪಡುತ್ತದೆ; ಆ ಸಮಯ ಮರಳಿ ಬರುವಂಥದ್ದಲ್ಲ.

ಉದ್ದೇಶ ಮೂರು ಬಗೆ

ದುಡಿಯುವ ವ್ಯಕ್ತಿ ಪದವಿಯನ್ನು ಬಯಸುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣಗಳಿರುತ್ತವೆ. ಮೊದಲನೆಯದು, ಕಾನೂನಿನ ಅಗತ್ಯ: ಪರವಾನಗಿಗಾಗಿ, ಹುದ್ದೆಗಾಗಿ ಅಥವಾ ಸಹಿಯ ಅಧಿಕಾರಕ್ಕಾಗಿ ನಿರ್ದಿಷ್ಟ ವಿದ್ಯಾರ್ಹತೆ ಬೇಕಾಗಿರುವುದು. ಎರಡನೆಯದು, ವ್ಯವಹಾರ ನಡೆಸಲು ಬೇಕಾದ ಜ್ಞಾನ. ಮೂರನೆಯದು, ಸಾಮಾಜಿಕ ಗೌರವ ಅಥವಾ ಆತ್ಮತೃಪ್ತಿ. ಮೂರೂ ಯೋಗ್ಯವಾದ ಕಾರಣಗಳೇ. ಆದರೆ ಮೂರನೆಯ ಉದ್ದೇಶಕ್ಕೆ ಓದುತ್ತಾ ಮೊದಲನೆಯದರ ಫಲವನ್ನು ನಿರೀಕ್ಷಿಸಿದರೆ ನಿರಾಶೆ ತಪ್ಪುವುದಿಲ್ಲ.

ಕಾನೂನು ಬೇಡುವ ವಿದ್ಯಾರ್ಹತೆ

ಕಾನೂನಿನ ಅಗತ್ಯವಿರುವಲ್ಲಿ ಆಯ್ಕೆಯ ಪ್ರಶ್ನೆ ಬಹುತೇಕ ಮುಗಿದಂತೆಯೇ. ತುಂಗಭದ್ರಾ ಅಚ್ಚುಕಟ್ಟು ಪ್ರದೇಶದ ಕೀಟನಾಶಕ ಮಾರಾಟಗಾರರ ಅನುಭವ ಇದಕ್ಕೆ ಉತ್ತಮ ನಿದರ್ಶನ. 2015ರಲ್ಲಿ ಕೀಟನಾಶಕ ನಿಯಮಗಳಿಗೆ ತಂದ ತಿದ್ದುಪಡಿಯು ಮಾರಾಟ ಪರವಾನಗಿಗೆ ಕೃಷಿ ವಿಜ್ಞಾನ, ಜೀವರಸಾಯನ, ಅಥವಾ ರಸಾಯನ, ಸಸ್ಯ, ಪ್ರಾಣಿಶಾಸ್ತ್ರಗಳಲ್ಲೊಂದನ್ನು ಒಳಗೊಂಡ ವಿಜ್ಞಾನ ಪದವಿಯಂತಹ ಅರ್ಹತೆಯನ್ನು ಕಡ್ಡಾಯಗೊಳಿಸಿತು. ವರ್ಷಾನುಗಟ್ಟಲೆ ಅಂಗಡಿ ನಡೆಸಿದವರೂ ವಿದ್ಯಾರ್ಹತೆಯ ಚಿಂತೆಗೆ ಒಳಗಾದರು. ಅನಂತರದ ತಿದ್ದುಪಡಿಗಳು ಕಾಲಾವಕಾಶವನ್ನೂ ಕೆಲವು ಪರ್ಯಾಯಗಳನ್ನೂ ಒದಗಿಸಿದವು. ಹೈದರಾಬಾದಿನ ‘ಮ್ಯಾನೇಜ್’ ಸಂಸ್ಥೆ 2003ರಲ್ಲಿ ಆರಂಭಿಸಿದ, ‘ದೇಸಿ’ ಎಂದು ಪರಿಚಿತವಾದ ಒಂದು ವರ್ಷದ ಡಿಪ್ಲೊಮಾ ಕೃಷಿ ಪರಿಕರ ಮಾರಾಟಗಾರರಿಗಾಗಿಯೇ ರೂಪಿತವಾದುದು. ವಾರಕ್ಕೊಂದು ದಿನ, ಮಾರುಕಟ್ಟೆಯ ರಜಾ ದಿನದಂದು ತರಗತಿ ನಡೆಯುವುದರಿಂದ ಅಂಗಡಿ ಮುಚ್ಚಬೇಕಾಗಿಲ್ಲ. ಇಂತಹ ವ್ಯಾಪಾರಿಗೆ ಎಂ.ಬಿ.ಎ. ಪದವಿಗಿಂತ ಈ ಡಿಪ್ಲೊಮಾ ಹೆಚ್ಚು ಉಪಯುಕ್ತ. ಪ್ರಸಕ್ತ ಷರತ್ತುಗಳನ್ನು ಕೃಷಿ ಇಲಾಖೆಯಲ್ಲಿ ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಲೇಸು.

ಆಹಾರ ತಯಾರಿಕಾ ಘಟಕಗಳಲ್ಲಿಯೂ ಇಂತಹ ಅಗತ್ಯವಿದೆ. ಆಹಾರ ಸುರಕ್ಷತಾ ಪರವಾನಗಿಯ ಷರತ್ತುಗಳ ಪ್ರಕಾರ ತಯಾರಿಕೆಯ ಮೇಲ್ವಿಚಾರಣೆಗೆ ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಮೊದಲಾದ ವಿಷಯಗಳ ವಿಜ್ಞಾನ ಪದವಿ, ಅಥವಾ ಆಹಾರ ತಂತ್ರಜ್ಞಾನದ ಪದವಿ ಇಲ್ಲವೆ ಡಿಪ್ಲೊಮಾ ಹೊಂದಿದ ತಾಂತ್ರಿಕ ವ್ಯಕ್ತಿ ಇರಬೇಕು. ಕುಟುಂಬದ ಒಬ್ಬ ಸದಸ್ಯ ಈ ಅರ್ಹತೆ ಪಡೆದರೆ ಘಟಕಕ್ಕೆ ಅದು ಶಾಶ್ವತ ಆಸ್ತಿಯಾಗುತ್ತದೆ. ಔಷಧ ಅಂಗಡಿಗೆ ಡಿ.ಫಾರ್ಮಾ ಇದೇ ಬಗೆಯದು. ಅದನ್ನು ದೂರಶಿಕ್ಷಣದಲ್ಲಿ ಪಡೆಯಲು ಅವಕಾಶವಿಲ್ಲ.

ಗಣಿಗಾರಿಕೆಯಲ್ಲಿ ಮೇಟ್, ಫೋರ್‌ಮನ್, ಮ್ಯಾನೇಜರ್ ಮೊದಲಾದ ಶಾಸನಬದ್ಧ ಹುದ್ದೆಗಳಿಗೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಸಾಮರ್ಥ್ಯ ಪ್ರಮಾಣಪತ್ರ ಬೇಕು. ಆಡಳಿತ ನಿರ್ವಹಣೆಯ ಪದವಿ ಎಷ್ಟೇ ದೊಡ್ಡದಾದರೂ ಆ ಪ್ರಮಾಣಪತ್ರದ ಸ್ಥಾನವನ್ನು ತುಂಬಲಾರದು.

ಸರಕು ಮತ್ತು ಸೇವಾ ತೆರಿಗೆಯಲ್ಲಿ ನೋಂದಾಯಿತ ತೆರಿಗೆ ವೃತ್ತಿನಿರತರಾಗಲು ವಾಣಿಜ್ಯ, ಕಾನೂನು, ಬ್ಯಾಂಕಿಂಗ್ ಅಥವಾ ವ್ಯವಹಾರ ಆಡಳಿತದ ಪದವಿ ಅರ್ಹತೆಗಳಲ್ಲೊಂದಾಗಿದೆ. ಬಿ.ಕಾಂ. ಇರುವವರು ಈ ಅರ್ಹತೆಯನ್ನು ಈಗಾಗಲೇ ಹೊಂದಿದ್ದಾರೆ, ಇದಕ್ಕೆಂದೇ ಎಂ.ಕಾಂ. ಮಾಡುವುದು ಅನಗತ್ಯ.

ವಾಣಿಜ್ಯ ಪದವೀಧರರ ಮುಂದಿರುವ ದಾರಿಗಳು

ಎಂ.ಕಾಂ.: ಪದವಿ ಕಾಲೇಜುಗಳಲ್ಲಿ ಬೋಧಿಸಬಯಸುವವರಿಗೆ ಇದು ಅಗತ್ಯ, ಜೊತೆಗೆ ನೆಟ್ ಅಥವಾ ಕೆ-ಸೆಟ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ಬೋಧನೆಯ ಗುರಿ ಇಲ್ಲದ ವ್ಯಾಪಾರಿಗೆ ಇದರ ಪ್ರಯೋಜನ ಸೀಮಿತ.

ಎಂ.ಬಿ.ಎ.: ಕಂಪನಿಗಳಲ್ಲಿ ಮೇಲ್ದರ್ಜೆಯ ಹುದ್ದೆಗೆ ಬಡ್ತಿ ಬಯಸುವ ನೌಕರರಿಗೆ ಉಪಯುಕ್ತ. ಸ್ವಂತ ಅಂಗಡಿ ಅಥವಾ ಘಟಕದ ಮಾಲೀಕರಿಗೆ ಬಡ್ತಿ ಕೊಡುವವರು ಯಾರೂ ಇಲ್ಲವಾದ್ದರಿಂದ ಅವರು ಪಠ್ಯಕ್ರಮವನ್ನು ನೋಡಿ ನಿರ್ಧರಿಸಬೇಕು. ವೆಚ್ಚ ನಿಯಂತ್ರಣ, ದುಡಿಯುವ ಬಂಡವಾಳ, ರಫ್ತು ವಿಧಾನ ಇವುಗಳಲ್ಲೊಂದು ವಿಷಯ ಮಾತ್ರ ಬೇಕಿದ್ದರೆ ಅಲ್ಪಾವಧಿಯ ಕೋರ್ಸು ಸಾಕಾದೀತು.

ಸಿ.ಎಂ.ಎ.: ಉಕ್ಕು, ಸಕ್ಕರೆ, ಖನಿಜ ಸಂಸ್ಕರಣೆಯಂತಹ ತಯಾರಿಕಾ ಕ್ಷೇತ್ರಗಳಲ್ಲಿ ದುಡಿಯುವ ಲೆಕ್ಕಿಗರಿಗೆ ಇದು ಹೆಚ್ಚು ಗಮನಾರ್ಹವಾದ ದಾರಿ. ಪದವೀಧರರು ನೇರವಾಗಿ ಇಂಟರ್‌ಮೀಡಿಯೆಟ್ ಹಂತಕ್ಕೆ ಸೇರಬಹುದು. ನಿಗದಿತ ಷರತ್ತುಗಳಿಗೆ ಒಳಪಟ್ಟು ನೌಕರಿಯ ಅನುಭವವನ್ನೇ ಪ್ರಾಯೋಗಿಕ ತರಬೇತಿಯಾಗಿ ಪರಿಗಣಿಸಲು ಅವಕಾಶವಿರುವುದರಿಂದ ಸಂಬಳ ಬಿಡಬೇಕಾಗಿಲ್ಲ.

ಸಿ.ಎ.: ಶೇಕಡಾ 55 ಅಂಕ ಪಡೆದ ವಾಣಿಜ್ಯ ಪದವೀಧರರು, ಶೇಕಡಾ 60 ಪಡೆದ ಇತರ ಪದವೀಧರರು ನೇರ ಪ್ರವೇಶ ಪಡೆಯಬಹುದು. 2023ರ ಹೊಸ ಪದ್ಧತಿಯಲ್ಲಿ ಆರ್ಟಿಕಲ್‌ಶಿಪ್ ಅವಧಿ ಎರಡು ವರ್ಷಕ್ಕೆ ಇಳಿದಿದೆ. ಆದರೆ ಅದು ಪೂರ್ಣಾವಧಿ ತರಬೇತಿ. ಸಂಸಾರದ ಹೊಣೆ ಹೊತ್ತವರು ಆ ಅವಧಿಯ ಆದಾಯ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು.

ಎಲ್‌ಎಲ್.ಬಿ.: ಪದವಿಯ ನಂತರ ಮೂರು ವರ್ಷ, ಹಾಜರಾತಿ ಕಡ್ಡಾಯ. ವ್ಯಾಪಾರಸ್ಥರು ಇಲ್ಲಿ ಒಂದು ಅಂಶವನ್ನು ಮರೆಯಬಾರದು. ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ ವಕೀಲರು ಸ್ವತಃ ವ್ಯಾಪಾರದಲ್ಲಿ ತೊಡಗುವಂತಿಲ್ಲ. ಪೂರ್ಣಾವಧಿ ಸಂಬಳದ ನೌಕರರು ವಕೀಲಿ ವೃತ್ತಿ ನಡೆಸುವಂತಿಲ್ಲ. ಜ್ಞಾನಕ್ಕಾಗಿ ಕಾನೂನು ಓದಲು ಅಡ್ಡಿಯಿಲ್ಲ. ವಕೀಲರಾಗಿ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಅಂಗಡಿಯ ಗಲ್ಲೆಯಿಂದ ಏಳಬೇಕಾಗುತ್ತದೆ.

ತಾಂತ್ರಿಕ ಡಿಪ್ಲೊಮಾ ಪಡೆದವರಿಗೆ ಎಂಜಿನಿಯರಿಂಗ್ ಪದವಿಯ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ಅವಕಾಶವಿದೆ. ಹೊಸಪೇಟೆಯಲ್ಲಿಯೇ ಪ್ರೌಢದೇವರಾಯ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇರುವುದು ಸ್ಥಳೀಯರಿಗೆ ಅನುಕೂಲ. ಸಂಡೂರು ತಾಲ್ಲೂಕಿನ ನಂದಿಹಳ್ಳಿಯಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಿದ್ದು, ಖನಿಜ ಸಂಸ್ಕರಣೆಯಂತಹ ಈ ನೆಲಕ್ಕೆ ಹೊಂದುವ ವಿಷಯವನ್ನು ಬೋಧಿಸುತ್ತದೆ. 1991ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡಿನ ಭಾಷೆ, ಚರಿತ್ರೆ, ಸಂಸ್ಕೃತಿಗಳ ಅಧ್ಯಯನಕ್ಕೆ ಮೀಸಲಾದುದು. ಪ್ರವಾಸಿಗರನ್ನೇ ನಂಬಿದ ವಸತಿಗೃಹದ ಮಾಲೀಕರಿಗೆ ಹಂಪಿಯ ಚರಿತ್ರೆಯ ವ್ಯಾಸಂಗ ಆತ್ಮತೃಪ್ತಿಯ ಜೊತೆಗೆ ವ್ಯವಹಾರಕ್ಕೂ ಒದಗಬಹುದು.

ಮಾನ್ಯತೆಯ ಪರಿಶೀಲನೆ

ದುಡಿಯುವವರಿಗೆ ದೂರಶಿಕ್ಷಣ ಸಹಜವಾದ ಆಯ್ಕೆ. 2022ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಮಾನ್ಯತೆ ಪಡೆದ ಸಂಸ್ಥೆಗಳ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ತರಗತಿ ಪದವಿಗಳಿಗೆ ಸಮಾನವೆಂದು ಸ್ಪಷ್ಟಪಡಿಸಿತು. ಇಲ್ಲಿ ‘ಮಾನ್ಯತೆ ಪಡೆದ’ ಎಂಬ ಮಾತೇ ಮುಖ್ಯ.

ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪ್ರಕರಣ ಎಲ್ಲರಿಗೂ ಪಾಠವಾಗಬೇಕು. 1996ರಲ್ಲಿ ಆರಂಭವಾದ, ಸರ್ಕಾರವೇ ಸ್ಥಾಪಿಸಿದ ಈ ವಿಶ್ವವಿದ್ಯಾಲಯದ ಕೋರ್ಸುಗಳಿಗೆ 2012-13ರ ನಂತರ ಆಯೋಗದ ಮಾನ್ಯತೆ ಮುಂದುವರಿಯಲಿಲ್ಲ. 2018-19ನೇ ಸಾಲಿನಿಂದ ಮಾನ್ಯತೆ ಮರಳಿ ದೊರೆಯಿತು. ನಡುವಿನ ಅವಧಿಯಲ್ಲಿ ನೌಕರಿಗಾಗಿ, ಬಡ್ತಿಗಾಗಿ ಪದವಿಯನ್ನು ನಂಬಿದ್ದವರು ಬಹುಕಾಲ ಆತಂಕದಲ್ಲಿ ಕಳೆಯಬೇಕಾಯಿತು. ಸರ್ಕಾರಿ ಹೆಸರೊಂದೇ ಸಾಲದು. ತಾನು ಸೇರುವ ಕೋರ್ಸಿಗೆ, ತಾನು ಸೇರುವ ವರ್ಷಕ್ಕೆ ಮಾನ್ಯತೆ ಇದೆಯೇ ಎಂಬುದನ್ನು ನೋಡಬೇಕು. ಆಯೋಗದ ದೂರಶಿಕ್ಷಣ ವಿಭಾಗ ಪ್ರಕಟಿಸುವ ಪಟ್ಟಿಯಲ್ಲಿ ಸಂಸ್ಥೆ, ಕೋರ್ಸು, ಸಾಲು ಈ ಮೂರನ್ನೂ ಪರಿಶೀಲಿಸಿ ಆ ಪುಟವನ್ನು ಮುದ್ರಿಸಿ ಕಡತದಲ್ಲಿಡುವುದು ಸೂಕ್ತ. ‘ಪರೀಕ್ಷೆ ಬರೆಯದೆ ಪದವಿ’, ‘ಹಿಂದಿನ ವರ್ಷದ ದಿನಾಂಕದ ಅಂಕಪಟ್ಟಿ’ ಎನ್ನುವ ಮಧ್ಯವರ್ತಿಗಳಿಂದ ದೂರವಿರಬೇಕು. ಅದು ಕ್ರಿಮಿನಲ್ ಅಪರಾಧಕ್ಕೆ ದಾರಿ.

ಸಮಯದ ಬೆಲೆ

ಶುಲ್ಕವನ್ನು ಮಾತ್ರ ವೆಚ್ಚವೆಂದು ಭಾವಿಸುವುದು ಸಾಮಾನ್ಯವಾದ ತಪ್ಪು. ಒಂದು ಕಾಲ್ಪನಿಕ ಉದಾಹರಣೆ ನೋಡಬಹುದು. ಸಣ್ಣ ಉದ್ದಿಮೆದಾರರೊಬ್ಬರು ಎರಡು ವರ್ಷದ ಕೋರ್ಸಿಗೆ ವಾರಕ್ಕೆ 10 ಗಂಟೆ ಮೀಸಲಿಟ್ಟರೆ ಒಟ್ಟು 1,040 ಗಂಟೆಗಳಾಗುತ್ತವೆ. ಅವರ ಒಂದು ಗಂಟೆಯ ದುಡಿಮೆಯ ಬೆಲೆ 300 ರೂ. ಎಂದಿಟ್ಟುಕೊಂಡರೆ ಸಮಯದ ವೆಚ್ಚ 3,12,000 ರೂ. ಶುಲ್ಕ ಮತ್ತು ಪುಸ್ತಕಕ್ಕೆ 40,000 ರೂ. ಸೇರಿಸಿದರೆ ಒಟ್ಟು 3,52,000 ರೂ. ಇದನ್ನು ಐದು ವರ್ಷಗಳಲ್ಲಿ ಮರಳಿ ಪಡೆಯಬೇಕಾದರೆ ವರ್ಷಕ್ಕೆ 70,400 ರೂ., ಅಂದರೆ ತಿಂಗಳಿಗೆ ಸುಮಾರು 5,870 ರೂ. ಹೆಚ್ಚುವರಿ ಲಾಭ ಅಥವಾ ಉಳಿತಾಯ ಆ ಓದಿನಿಂದ ಬರಬೇಕು. ಅದೇ ಕೆಲಸವನ್ನು ಅರೆಕಾಲಿಕ ಲೆಕ್ಕಿಗರಿಂದ ಅಥವಾ ಸಲಹೆಗಾರರಿಂದ ಕಡಿಮೆ ವೆಚ್ಚದಲ್ಲಿ ಮಾಡಿಸಬಹುದಾದರೆ ಓದುವ ಕಾರಣ ಬೇರೆ ಇರಬೇಕಾಗುತ್ತದೆ. ಓದು ಆನಂದಕ್ಕಾಗಿ ಎಂದಾದರೆ ಈ ಲೆಕ್ಕ ಅನ್ವಯಿಸುವುದಿಲ್ಲ. ಆದರೆ ಹಾಗೆಂದು ಮೊದಲೇ ಒಪ್ಪಿಕೊಂಡಿರಬೇಕು.

ಗಣಿ ನಿಷೇಧ ಕಲಿಸಿದ ಪಾಠ

2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವುಗಳಿಗೆ ಷರತ್ತಿನೊಂದಿಗೆ ಅವಕಾಶ ದೊರೆಯಿತು. ಲಾರಿ, ಗ್ಯಾರೇಜು, ಟೈರು, ಡೀಸೆಲ್ ವ್ಯವಹಾರಗಳನ್ನು ನಂಬಿದ್ದ ಹೊಸಪೇಟೆ ಮತ್ತು ಸಂಡೂರಿನ ಕುಟುಂಬಗಳು ಒಂದೇ ಉದ್ಯಮದ ಮೇಲಿನ ಅವಲಂಬನೆಯ ಅಪಾಯವನ್ನು ಆಗ ಕಂಡವು. ವಿದ್ಯೆಯ ಆಯ್ಕೆಗೂ ಈ ಮಾತು ಅನ್ವಯಿಸುತ್ತದೆ. ಒಂದೇ ಗಣಿ, ಒಂದೇ ಕಾರ್ಖಾನೆಗೆ ಮಾತ್ರ ಹೊಂದುವ ಪರಿಣತಿಯ ಜೊತೆಗೆ ಉದ್ಯಮ ಬದಲಾದರೂ ಉಪಯೋಗಕ್ಕೆ ಬರುವ ವಿದ್ಯೆಯೊಂದು ಇರಬೇಕು. ವೆಚ್ಚ ಲೆಕ್ಕಶಾಸ್ತ್ರ, ವಿದ್ಯುತ್ ಮತ್ತು ಯಂತ್ರ ನಿರ್ವಹಣೆ, ತೆರಿಗೆ ಕಾನೂನು ಇಂತಹವು ಅದಿರಿನಿಂದ ಅಕ್ಕಿಗೆ, ಅಕ್ಕಿಯಿಂದ ಹೋಟೆಲಿಗೆ ದಾಟಬಲ್ಲವು.

ತೆರಿಗೆಯ ಕೆಲವು ಅಂಶಗಳು

1. ಉನ್ನತ ವ್ಯಾಸಂಗದ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ಕಡಿತ ದೊರೆಯುವುದು ಹಳೆಯ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ಬಡ್ಡಿಗೆ ಸಿಗುತ್ತದೆ, ಅಸಲಿಗೆ ಇಲ್ಲ. ಬಂಧುಗಳಿಂದ ಅಥವಾ ತನ್ನದೇ ಸಂಸ್ಥೆಯಿಂದ ಪಡೆದ ಸಾಲಕ್ಕೆ ಈ ಸೌಲಭ್ಯವಿಲ್ಲ.

2. ಮಕ್ಕಳ ಬೋಧನಾ ಶುಲ್ಕಕ್ಕೆ ಇರುವ ಕಡಿತ ಸ್ವಂತ ವ್ಯಾಸಂಗದ ಶುಲ್ಕಕ್ಕೆ ಅನ್ವಯಿಸುವುದಿಲ್ಲ.

3. ಮಾಲೀಕರ ಅಥವಾ ಅವರ ಮಕ್ಕಳ ಓದಿನ ಖರ್ಚನ್ನು ಸಂಸ್ಥೆಯ ಖರ್ಚಿಗೆ ಹಾಕಬೇಕಾದರೆ ಅದು ಸಂಪೂರ್ಣವಾಗಿ ವ್ಯವಹಾರಕ್ಕಾಗಿಯೇ ಆಗಿದೆಯೆಂದು ತೋರಿಸಬೇಕು. ಕರಾರು ಮತ್ತು ದಾಖಲೆ ಇಲ್ಲದಿದ್ದಲ್ಲಿ ಅದು ವೈಯಕ್ತಿಕ ಖರ್ಚೆಂದು ತಿರಸ್ಕೃತವಾಗುವ ಸಂಭವವೇ ಹೆಚ್ಚು.

4. ಪಾಲುದಾರಿಕೆ ಸಂಸ್ಥೆಯಲ್ಲಿ ವೇತನದ ಕಡಿತ ದೊರೆಯುವುದು ವ್ಯವಹಾರದಲ್ಲಿ ಸಕ್ರಿಯವಾಗಿರುವ ದುಡಿಯುವ ಪಾಲುದಾರರಿಗೆ ಕೊಟ್ಟ ವೇತನಕ್ಕೆ. ಪಾಲುದಾರರೊಬ್ಬರು ಎರಡು ವರ್ಷ ಪೂರ್ಣಾವಧಿ ಓದಿಗೆ ಪರಸ್ಥಳಕ್ಕೆ ಹೋದರೆ ಆ ವೇತನ ಪ್ರಶ್ನೆಗೊಳಗಾಗಬಹುದು. ಪಾಲುದಾರಿಕೆ ಪತ್ರವನ್ನು ಮೊದಲೇ ಪರಿಶೀಲಿಸಬೇಕು.

ನಿರ್ಧಾರದ ಕ್ರಮ

ಅರ್ಜಿ ತುಂಬುವ ಮುನ್ನ ಐದು ಪ್ರಶ್ನೆಗಳಿಗೆ ಕಾಗದದ ಮೇಲೆ ಉತ್ತರ ಬರೆಯುವುದು ಒಳ್ಳೆಯ ಕ್ರಮ: ಈ ಪದವಿ ಯಾವ ಪರವಾನಗಿ, ಹುದ್ದೆ ಅಥವಾ ಕೌಶಲಕ್ಕಾಗಿ? ಈಗಿರುವ ವಿದ್ಯಾರ್ಹತೆಯೇ ಅದಕ್ಕೆ ಸಾಲದೆ? ಸೇರುವ ಕೋರ್ಸಿಗೆ ಸೇರುವ ವರ್ಷದಲ್ಲಿ ಮಾನ್ಯತೆ ಇದೆಯೇ? ವಾರಕ್ಕೆ ಎಷ್ಟು ಗಂಟೆ, ಯಾರ ಪಾಲಿನ ಸಮಯದಿಂದ? ಇಂದಿನ ವ್ಯವಹಾರ ನಿಂತರೂ ಈ ವಿದ್ಯೆ ಅನ್ನ ಕೊಡಬಲ್ಲದೆ?

ನಾಲ್ಕನೆಯ ಪ್ರಶ್ನೆಯನ್ನು ಮನೆಯವರ ಎದುರಿನಲ್ಲಿ ಉತ್ತರಿಸುವುದು ಉಚಿತ. ದುಡಿಯುವವರ ಓದಿಗೆ ಸಂಜೆಯ ಹೊತ್ತು ಗಲ್ಲೆಯ ಮೇಲೆ ಕೂರುವ ಪತ್ನಿಯೋ ತಮ್ಮನೋ ಸಹ ಬಂಡವಾಳ ಹೂಡುತ್ತಾರೆ. ಅವರ ಒಪ್ಪಿಗೆ ಇಲ್ಲದ ಓದು ಮೊದಲ ಪರೀಕ್ಷೆಯ ಹೊತ್ತಿಗೇ ಮುಗ್ಗರಿಸುತ್ತದೆ. ಐದಕ್ಕೂ ಸಮರ್ಪಕ ಉತ್ತರ ದೊರೆತಲ್ಲಿ ವಯಸ್ಸು ನಲವತ್ತೈದಾದರೂ ಹಿಂಜರಿಯಲು ಕಾರಣವಿಲ್ಲ.